ಉಯಿಲಿನ ಏಳನೇ ಕಲಮು

ದೊಡ್ಡಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂಬ ಸಂಗತಿ ನಾನು ತರಬೇತಿ ಪಡೆದ ಆಸ್ಪತ್ರೆಯಲ್ಲಿ ನರ್ಸಿಂಗ್ ಓದುವ ಹುಡುಗಿಯರನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಅದನ್ನು ಎಲ್ಲರಿಗೂ ಸಾರಿದವಳು ನಾನು. ಅದೂ ಮೈಕ್ ಹಿಡಿದು. ಮೂವತ್ತೊಂದು ವರ್ಷವಾಯಿತು. ಈಗಲೂ ಯಾರಾದರೂ ‘ಎಷ್ಟು ತಮಾಷೆಯಾಗಿ ಮಾತಾಡ್ತೀರಿ ಸಿಸ್ಟರ್’ ಎಂದರೆ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸುತ್ತದೆ.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದದ್ದು ಹಸುಗೂಸುಗಳ ವಾರ್ಡಿನ ಆಯಾಳನ್ನು. ಇಪ್ಪತ್ತೆರಡು ವರ್ಷದಿಂದ ಅದೇ ವಾರ್ಡು. ಯಾವುದೋ ಜ್ವರದಲ್ಲಿ ಕಿವಿ ಹೋಗಿತ್ತಂತೆ. ಆದರೆ ಅವಳ ಕಣ್ಣು ಎಂಥ ಕಣ್ಣು ಅಂತೀರಿ! ಸುತ್ತಿದ ಬಟ್ಟೆ ಒದೆಯುವುದನ್ನು ನೋಡಿಯೇ ಕೂಸು ಅಳುತ್ತಿದೆಯೋ ಆಕಳಿಸುತ್ತಿದೆಯೋ ಹೇಳುತ್ತಿದ್ದಳು. ಎದುರಿಗೆ ನಿಂತವರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದಳು. ಅವಳನ್ನು ಸೋಲಿಸುತ್ತಿದ್ದದ್ದು ಒಂದೇ, ತಾಯಂದಿರ ಕೋಣೆಯಿಂದ ಬರುವ ಕರೆಗಂಟೆ. ಗಂಟೆ ಹೊಡೆದರೆ ಡ್ಯೂಟಿಯಲ್ಲಿದ್ದ ಹುಡುಗಿ ಸುಮ್ಮನೆ ಅವಳ ಮೊಣಕೈ ಮುಟ್ಟಬೇಕು, ಅಷ್ಟೇ. ನಾವು ತಿರುಗಿ ನೋಡುವಷ್ಟರಲ್ಲಿ ಅವಳು ಆ ಕೋಣೆಯಲ್ಲಿರುತ್ತಿದ್ದಳು.

ವಿಷಯ ಆಫೀಸಿಗೆ ಗೊತ್ತಾದರೆ ಆ ದಿನವೇ ವಾರ್ಡಿನಿಂದ ಹೊರಗೆ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ‘ಮನೇಲಿ ಕೂತು ಸುಧಾರಿಸಿಕೊಳ್ಳಬಾರದಾ ದೊಡ್ಡಮ್ಮ’ ಎಂದು ಒಮ್ಮೆ ನಾನೇ ಕೇಳಿದ್ದೆ.

“ಮನೇಲಿ ಎಲ್ಲರೂ ಮಾತಾಡ್ತಾರೆ, ನನಗೊಂದೂ ಕೇಳಲ್ಲ. ಇಲ್ಲಿ ನನಗೂ ಕೇಳಲ್ಲ, ಇವಕ್ಕೂ ಮಾತು ಬರಲ್ಲ. ಸರಿಹೋಯ್ತಲ್ಲ?” ಎಂದಿದ್ದಳು.

ಪ್ರತಿ ವರ್ಷ ಹೊರಡುವ ತರಗತಿಯವರು ಮುಂದಿನ ತರಗತಿಯವರನ್ನು ಬಟ್ಟೆ ಜೋಡಿಸುವ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ಈ ಗುಟ್ಟನ್ನು ಪಿಸುಗುಡುತ್ತಿದ್ದರು. ನಮಗೂ ಹಾಗೇ ಹೇಳಿದ್ದರು. ಎಷ್ಟು ತಂಡ ಬಂದು ಹೋಗಿತ್ತೋ, ಒಬ್ಬಳ ಬಾಯಿಂದಲೂ ಅದು ಹೊರಬಿದ್ದಿರಲಿಲ್ಲ.

ಅದರಲ್ಲೂ ನಾನು ಅವಳ ಋಣದಲ್ಲಿದ್ದವಳು. ಮೊದಲ ವರ್ಷ ಎರಡು ಕೂಸುಗಳನ್ನು ಒಟ್ಟಿಗೆ ಸ್ನಾನಕ್ಕೆ ತಂದು, ಒದ್ದೆಯಾಗುತ್ತದೆಂದು ಎರಡರ ಕೈಪಟ್ಟಿಯನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ಒರೆಸಿ ಮಲಗಿಸಿದ ಮೇಲೆ ನೋಡುತ್ತೇನೆ, ಯಾವುದು ಯಾರದು ತಿಳಿಯದು. ದೊಡ್ಡಮ್ಮ ಬಂದಳು, ನನ್ನ ಮುಖ ನೋಡಿದಳು, ಪಟ್ಟಿ ನೋಡಿದಳು. ಎಡಗಡೆಯ ಕೂಸಿನ ಕಿವಿಯ ಹಿಂದಿನ ಮಚ್ಚೆ ತೋರಿಸಿ, “ಇದು ಒಂಬತ್ತನೇ ಮಂಚದ್ದು. ಹುಟ್ಟಿದಾಗಲೇ ನೋಡಿದ್ದೆ” ಎಂದು ತಾನೇ ಪಟ್ಟಿ ಕಟ್ಟಿದಳು. ಆಮೇಲೆ ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ, ನನ್ನ ಹತ್ತಿರವೂ.

ಇನ್ನು ಉಯಿಲಿನ ಕತೆ. ಬೀಳ್ಕೊಡುಗೆಯ ದಿನ ಹಿರಿಯ ತರಗತಿಯವರು ಕಿರಿಯರಿಗೆ ಒಂದು ತಮಾಷೆಯ ಉಯಿಲು ಬರೆದು ಓದುವುದು ನಮ್ಮಲ್ಲಿ ರೂಢಿ. ನಮ್ಮ ವರ್ಷ ಬರೆಯುವ ಕೆಲಸ ನನಗೇ ಬಿತ್ತು. ಹಾಸ್ಟೆಲ್ಲಿನಲ್ಲಿ ನನ್ನ ಹೆಸರೇ ಬಾಯಿಬಡಕಿ, ಬೇರೆ ಯಾರಿಗೆ ಬೀಳಬೇಕು? ಎರಡು ದಿನ ಕೂತು ಆರು ಕಲಮು ಬರೆದೆ. ಚೆನ್ನಾಗಿದ್ದವು, ಆದರೆ ಕೊನೆಗೆ ಒಂದು ದೊಡ್ಡ ನಗು ಬೇಕಿತ್ತು. ಏಳನೆಯದು ಹೊಳೆಯಿತು. ಓದಿದ ರೂಮ್‌ಮೇಟ್‌ನ ಮುಖ ಸಪ್ಪಗಾಯಿತು.

“ಇದೊಂದು ಬೇಡ ಕಣೇ.”

“ತಮಾಷೆಗೆ ಬರೆದಿದ್ದು. ಯಾರು ನಿಜ ಅಂದ್ಕೋತಾರೆ? ನಿನಗೆ ನಗೋದಕ್ಕೂ ಬರಲ್ಲ” ಎಂದೆ. ಅವಳು ಹಾಳೆ ವಾಪಸು ಕೊಟ್ಟಳು. ನನ್ನ ಬಾಯಿಗೆ ಯಾರು ಎದುರು ನಿಲ್ಲುತ್ತಿದ್ದರು?

ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಮೇಟ್ರನ್ ಮತ್ತು ಡಾಕ್ಟರುಗಳು. ಮೂರನೇ ಸಾಲಿನ ಕೊನೆಯಲ್ಲಿ ದೊಡ್ಡಮ್ಮ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: “ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದ ಉಯಿಲು. ಎಡಕ್ಕೆ ಮಾತ್ರ ತಿರುಗುವ ಔಷಧಿಯ ಗಾಡಿಯನ್ನು ಕಿರಿಯರು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಮೊದಲು ಎದ್ದವಳಿಗಷ್ಟೇ ಬಿಸಿನೀರು ಕೊಡುವ ನಲ್ಲಿಯನ್ನು ಜಗಳವಾಡಿ ಹಂಚಿಕೊಳ್ಳತಕ್ಕದ್ದು. ಮೇಟ್ರನ್ ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ನಗು ನಿಲ್ಲಿಸತಕ್ಕದ್ದು.” ಮೇಟ್ರನ್ ಕೂಡ ನಕ್ಕರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

“ಕಲಮು ಏಳು. ಹಸುಗೂಸುಗಳ ವಾರ್ಡಿನ ದೊಡ್ಡಮ್ಮನನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಸಿದ್ದೇವೆ. ಎರಡೂ ಕಿವಿ ಅಲಂಕಾರಕ್ಕೆ. ಗಂಟೆ ಹೊಡೆದಾಗ ಮೊಣಕೈ ಒತ್ತಿದರೆ ಚಾಲೂ ಆಗುತ್ತದೆ.”

ಗುಟ್ಟು ಇನ್ನೂ ತಿಳಿಯದ ಕಿರಿಯ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ತರಗತಿಯವರು ಮಾತ್ರ ನಗಲಿಲ್ಲ. ದೊಡ್ಡಮ್ಮ ಎದ್ದು ನಿಂತು ಎಲ್ಲರತ್ತ ಕೈ ಬೀಸಿದಳು. ನಗು ಇಮ್ಮಡಿಯಾಯಿತು. ಪಾಪ, ತನ್ನನ್ನು ಹೊಗಳಿದರು ಅಂದುಕೊಂಡಿದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ ನಾನು. ಅಷ್ಟು ನೀಚಳಾಗಿದ್ದೆ. ಆಗ ಮೇಟ್ರನ್ ಕಡೆ ನೋಡಿದೆ. ಅವರು ನಗುವುದನ್ನು ನಿಲ್ಲಿಸಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಅರ್ಥವಾದದ್ದು ಆ ಗಳಿಗೆಯಲ್ಲಿ.

ಮರುದಿನ ಬೆಳಿಗ್ಗೆ ನನಗೂ ದೊಡ್ಡಮ್ಮನಿಗೂ ಮೇಟ್ರನ್ ಆಫೀಸಿನಿಂದ ಕರೆ ಬಂತು. ಅವರ ಮೇಜಿನ ಮೇಲೆ ನನ್ನ ಸರ್ಟಿಫಿಕೇಟು, ಸಹಿ ಇನ್ನೂ ಆಗಿರಲಿಲ್ಲ. ಮೇಟ್ರನ್ ಕೆಟ್ಟವರಲ್ಲ. “ನಿನ್ನೆ ಓದಿದ್ದು ಬರೀ ತಮಾಷೆಯಾದ್ರೆ ಒಳ್ಳೇದು. ಈಗಲೇ ನೋಡಿಬಿಡೋಣ” ಎಂದು ಎದ್ದು ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿ, ಕಿಟಕಿಯ ಕಡೆ ತಿರುಗಿ ನಿಂತರು.

“ದೊಡ್ಡಮ್ಮ, ಆ ಬಾಗಿಲು ಹಾಕಿ” ಎಂದರು.

ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ದೊಡ್ಡಮ್ಮ ನನ್ನ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ನಗುಮುಖದಿಂದ ನಿಂತಿದ್ದಳು. ಅವಳ ಮೊಣಕೈ ಮುಟ್ಟಿ, ಬಾಗಿಲ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು. ಕಿಟಕಿಯ ಗಾಜಿನಲ್ಲಿ ಮೇಟ್ರನ್‌ಗೆ ಕಂಡರೆ ಎಂದು ಹೆದರಿದೆ. ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ, ಹೊರಗೆ ಬಿಸಿಲಿತ್ತು. ಆದರೂ ನನ್ನ ಕೈ ಸೊಂಟದ ಬಳಿಯೇ ಉಳಿಯಿತು. ಅವರು ಇನ್ನೊಮ್ಮೆ ಹೇಳಿದರು. ಬಾಗಿಲು ತೆರೆದೇ ಇತ್ತು.

ಸೋಮವಾರದಿಂದ ದೊಡ್ಡಮ್ಮನಿಗೆ ಬಟ್ಟೆ ಒಗೆಯುವ ವಿಭಾಗ ಎಂದಾಯಿತು. ನನ್ನ ಸರ್ಟಿಫಿಕೇಟಿಗೆ ಸಹಿ ಆಯಿತು.

ಹೊರಗಿನ ಮೊಗಸಾಲೆಯಲ್ಲಿ ನಾನು ಅವಳ ಮುಂದೆ ತಲೆ ತಗ್ಗಿಸಿ ನಿಂತೆ. ಅವಳು ನನ್ನ ಗಲ್ಲ ಹಿಡಿದು ಮುಖ ಎತ್ತಿದಳು, ತುಟಿ ಕಾಣಲಿ ಎಂದು.

“ದೊಡ್ಡಮ್ಮ, ನಿನ್ನೆ ನಾನು ಓದಿದ್ದು...”

“ಅದಾ? ಎಲ್ಲಾ ತಿಳೀತು ಮಗಾ. ನೀನು ಬಾಯಿ ಬಿಟ್ಟು ಸ್ಪಷ್ಟವಾಗಿ ಮಾತಾಡ್ತೀಯ, ನಿಂದು ಒಂದು ಮಾತೂ ನನಗೆ ತಪ್ಪಲ್ಲ. ಎಲ್ಲರೂ ತಿರುಗಿ ನೋಡ್ತಿದ್ರು, ನಾನು ಮುಖ ಗಂಟು ಹಾಕಿದ್ರೆ ನಿನಗೆ ಅವಮಾನ ಅಲ್ವಾ? ಅದಕ್ಕೇ ಕೈ ಬೀಸಿದೆ. ನಗೋ ದಿನ, ನಕ್ರು, ಹೋಗ್ಲಿ.” ಆಮೇಲೆ ಕೇಳಿದಳು: “ಒಳಗೆ ಅವರು ಬೆನ್ನು ತಿರುಗಿಸಿ ಏನಂದ್ರು?”

“ಬಾಗಿಲು ಹಾಕಿ ಅಂದ್ರು.”

“ಅಷ್ಟೇನಾ?” ಎಂದಳು. “ಪಕ್ಕದಲ್ಲೇ ಇದ್ದೆಯಲ್ಲ ಮಗಾ. ಮೊಣಕೈ ಮುಟ್ಟಬಾರದಿತ್ತಾ?”

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ತುಟಿಯನ್ನೇ ನೋಡುತ್ತ ಬಹಳ ಹೊತ್ತು ಕಾದಳು.