ಗಂಗಿಯ ಏಳು ನಿಮಿಷ

ಕೊರೋನಾ ಮುಗಿದು ಸಭಾಗೃಹಗಳು ಮತ್ತೆ ತೆರೆದ ವರ್ಷ. ಸೊಲ್ಲಾಪುರದ ಕಾಲೇಜೊಂದರಲ್ಲಿ ನಾಟಕ ಕಲಿಸುತ್ತಿದ್ದ ನನಗೆ ನಿವೃತ್ತಿ ಹತ್ತಿರವಾಗಿತ್ತು. ಯುರೋಪಿನ ಬರೋಕ್ ಕಾಲದ, ಅಂದರೆ ಹದಿನೇಳನೇ ಶತಮಾನದ ಹಾಸ್ಯನಾಟಕಗಳ ಮಾದರಿಯಲ್ಲಿ ಒಂದು ಕನ್ನಡ ನಾಟಕ ಬರೆದೆ. ಅಲ್ಲಿ ಯಜಮಾನ ಹಟ ಹಿಡಿದು ಕೂತಿರುತ್ತಾನೆ. ಕೆಲಸದವರು ಯುಕ್ತಿ ಹೂಡಿ, ಪ್ರೇಕ್ಷಕರೊಡನೆ ನೇರವಾಗಿ ಮಾತಾಡುತ್ತ ಕಥೆಯನ್ನು ದಡ ಮುಟ್ಟಿಸುತ್ತಾರೆ. ಇದನ್ನೇ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೆ.

ಮಗಳ ಮದುವೆಗೆ ಅಡ್ಡ ನಿಂತ ಸಾಹುಕಾರನ ಪಾತ್ರ ನನ್ನದು. ಕೆಲಸದ ಗಂಗಿಯಾಗಿ ಹತ್ತಿರದ ಕುಂಭಾರಿ ಹಳ್ಳಿಯ ಶಾಂತಾಬಾಯಿ ಬಂದರು. ಹೊಲಮನೆ ಇದ್ದ ಕುಟುಂಬದವರು. ವಿಜಾಪುರ ರಸ್ತೆಯ ಸೀರೆ ಅಂಗಡಿಯಲ್ಲಿ ಕೆಲಸ. ಕನ್ನಡ ಓದಲು ಬಾರದ್ದರಿಂದ ತಮ್ಮ ಮಾತುಗಳನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದರು.

ಸೊಲ್ಲಾಪುರದ ಮೊದಲ ಪ್ರಯೋಗದಲ್ಲಿ ಜನ ಬಿದ್ದು ಬಿದ್ದು ನಕ್ಕರು, ಎಲ್ಲಾ ಗಂಗಿಗೆ. ನಾನು ಮೂರು ತಿಂಗಳು ತಿದ್ದಿದ ಮಾತುಗಳಿಗೆ ಕೆಮ್ಮು ಕೇಳಿಸಿತು. ಮನೆಗೆ ಬಂದ ಮೇಲೆ ನನ್ನ ಹೆಂಡತಿಯೂ ಗಂಗಿಯ ಮಾತನ್ನೇ ಆಡಿ ನಕ್ಕಳು. ನನಗೆ ಊಟ ಸೇರಲಿಲ್ಲ.

ಅಕ್ಕಲಕೋಟೆಯ ಪ್ರಯೋಗಕ್ಕೆ ಮುಂಚೆ, ಗಂಗಿ ಸಾಹುಕಾರನನ್ನು ಮರುಳು ಮಾಡಿ ಮದುವೆಗೆ ಒಪ್ಪಿಸುವ ಏಳು ನಿಮಿಷದ ದೃಶ್ಯವನ್ನು ತೆಗೆದುಹಾಕಿದೆ.

"ನಾಟಕ ಭಾಳ ಉದ್ದ ಆಗೇದರಿ ಶಾಂತಾಬಾಯಿ," ಎಂದೆ.

"ಆತ್ರಿ ಸರ್," ಎಂದಷ್ಟೇ ಹೇಳಿ ಅವರು ತಮ್ಮ ಹಾಳೆಗಳನ್ನು ಮಡಚಿಟ್ಟರು.

ಅಕ್ಕಲಕೋಟೆಯಲ್ಲಿ ಕೊನೆಯ ಅಂಕ ಬಂತು. ಅಲ್ಲಿಯವರೆಗೆ ಹಟ ಮಾಡಿದ ಸಾಹುಕಾರ ಇದ್ದಕ್ಕಿದ್ದಂತೆ, "ಲಗ್ನ ಆಗಲಿ" ಎಂದುಬಿಟ್ಟ. ಮುಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು ಗಟ್ಟಿಯಾಗಿ ಕೇಳಿದರು:

"ಸಾಹುಕಾರ್ರ, ಈಗ ಹ್ಯಾಂಗ ಒಪ್ಪಿದ್ರಿ? ಆ ಗಂಗಿ ಎಲ್ಲಿ ಹೋದಳು?"

ಜನ ನನ್ನನ್ನು ನೋಡಿ ನಕ್ಕರು. ಪರದೆಯ ಮರೆಯಲ್ಲಿ ಶಾಂತಾಬಾಯಿ ನಿಂತಿದ್ದರು, ತಾವಾಗಿ ಬರುವವರಲ್ಲ. ಕೊನೆಗೆ ನಾನೇ ಕೂಗಿದೆ, "ಗಂಗೀ!"

ಅವರು ಸೆರಗು ಸಿಕ್ಕಿಸಿಕೊಳ್ಳುತ್ತ ಬಂದು ಸಭೆಯ ಕಡೆ ತಿರುಗಿದರು. "ನಮ್ಮ ಸಾಹುಕಾರ್ರು ಒಪ್ಪ್ಯಾರ್ರಿ. ಯಾಕ ಒಪ್ಪ್ಯಾರಂತ ಅವರಿಗೇ ತಿಳಿದಿಲ್ಲ. ನಾ ತಿಳಿಸ್ತೀನಿ, ಕುಂದರ್ರಿ!"

ಏಳು ನಿಮಿಷವೂ ನಡೆಯಿತು. ಅವರು ಕುಣಿಸಿದಂತೆ ಕುಣಿದೆ. ಸಭಾಗೃಹ ಅದುರಿಹೋಯಿತು.

ಬಣ್ಣ ಒರೆಸಿಕೊಳ್ಳುವಾಗ ಒಪ್ಪಿಕೊಂಡೆ. "ಆ ಸೀನ್ ತಗದದ್ದಕ್ಕ ವೇಳೆ ಕಾರಣ ಅಲ್ಲರಿ. ನನಗ ಹೊಟ್ಟಿಕಿಚ್ಚು ಆಗಿತ್ತು."

"ಗೊತ್ತಿತ್ರಿ ಸರ್. ಸೊಲ್ಲಾಪುರದಾಗ ನನಗ ಚಪ್ಪಾಳಿ ಬಿದ್ದಾಗ ನಿಮ್ಮ ಮಾರಿ ನೋಡಿದ್ದೆ," ಎಂದರು. ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ನೀವು ಸೀನ್ ತಗದ ದಿನ ನಾ ಮನಿಗೆ ಹೋಗಿ ಅತ್ತಿದ್ದೆ. ಈ ಮಾತು ನೀವು ಆವಾಗನ ಹೇಳಬೇಕಿತ್ರಿ."

ನಾನು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು, ಅಷ್ಟೇ.

ಆಮೇಲೆ ಹನ್ನೊಂದು ಪ್ರಯೋಗ ಮಾಡಿದೆವು. ಆ ದೃಶ್ಯಕ್ಕೆ ಮತ್ತೆ ಕತ್ತರಿ ಹಾಕಲಿಲ್ಲ. ಯಜಮಾನನ ಪಾತ್ರ ಹಾಕುವವನು ಮೊದಲು ಮೂರ್ಖನಾಗಿ ಕಾಣಲು ಒಪ್ಪಬೇಕು ಎಂಬುದು ಈ ವೃತ್ತಿ ನನಗೆ ತಡವಾಗಿ ಕಲಿಸಿದ ಪಾಠ. ಹೊಟ್ಟೆಕಿಚ್ಚು ಹೋಯಿತೆಂದು ಹೇಳಲಾರೆ. ಪ್ರತಿ ಸಲ ಅವರಿಗೆ ಚಪ್ಪಾಳೆ ಬಿದ್ದಾಗ ಎದೆಯಲ್ಲಿ ಚುರ್ ಎನ್ನುತ್ತಿತ್ತು; ಆ ಉರಿಯನ್ನೇ ಸಾಹುಕಾರನ ಮುಖಕ್ಕೆ ತಂದುಕೊಳ್ಳುತ್ತಿದ್ದೆ. ಆಗ ಜನ ನನಗೂ ನಗುತ್ತಿದ್ದರು.