ಗಂಗೆ ಹಾಲು ಬಿಡದೆ ನಿಂತ ಎರಡು ಹೊತ್ತು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಸು ಗಂಗೆ ನನ್ನನ್ನು ಒದ್ದಿಲ್ಲ. ಕೊಟ್ಟಿಗೆ ತೊಳೆದ ನೀರಿನಲ್ಲಿ ನಾನೇ ಜಾರಿ ಬಿದ್ದಿದ್ದು.

ಬಲಗೈ ಮಣಿಕಟ್ಟು ಮುರಿಯಿತು. ಶಿವಮೊಗ್ಗಕ್ಕೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರುವಷ್ಟರಲ್ಲಿ ಸಂಜೆ ಹಾಲು ಕರೆಯುವ ಹೊತ್ತಾಗಿತ್ತು.

ಹೊಳೆಹೊನ್ನೂರು ರಸ್ತೆಯಲ್ಲಿ ನಮ್ಮದು ಅರ್ಧ ಎಕರೆ ಜಾಗ. ಒಂದು ಮನೆ, ನಾಲ್ಕು ಮಡಿ ತರಕಾರಿ, ಆರು ತೆಂಗಿನ ಮರ, ಒಂದು ಹಸು.

ಯಜಮಾನರು ಮತ್ತು ಮಗ ಬೆಳಿಗ್ಗೆಯೇ ಗಾಂಧಿ ಬಜಾರಿನ ಬಟ್ಟೆ ಅಂಗಡಿಗೆ ಹೋಗುತ್ತಾರೆ. ಉಳಿಯುವವರು ನಾನು, ಸೊಸೆ ಕಾವ್ಯ, ಇಬ್ಬರು ಮೊಮ್ಮಕ್ಕಳು. ಇಂಚರಾಳಿಗೆ ಆರು ವರ್ಷ, ಸಿರಿಗೆ ಮೂರು.

ಗಂಗೆಯ ಹಾಲು ಕರೆಯುವುದು ಇಷ್ಟು ವರ್ಷವೂ ನಾನೊಬ್ಬಳೇ. ಆ ಹೊತ್ತಿನಲ್ಲಿ ಯಾರೂ ಕೊಟ್ಟಿಗೆಗೆ ಕಾಲಿಡುವ ಹಾಗಿಲ್ಲ. ಹಾಲು ಕರೆಯುವಾಗ ನಾನು ಶಿವನಾಮ ಹೇಳಿಕೊಳ್ಳುತ್ತೇನೆ, ಮಧ್ಯೆ ಬರಬೇಡಿ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೆ.

ಅವತ್ತು ಸಂಜೆ ಪಕ್ಕದ ಮನೆ ರತ್ನಮ್ಮನನ್ನು ಕರೆಸಿದೆವು. ಹಸು ಸಾಕಿ ಪಳಗಿದ ಕೈ ಅವಳದು.

ಗಂಗೆ ಬಕೆಟ್ಟನ್ನು ಒದ್ದ ರಭಸಕ್ಕೆ ಅದು ಬೆಂಡೆಕಾಯಿ ಮಡಿಯಲ್ಲಿ ಹೋಗಿ ಬಿತ್ತು. "ನಿಮ್ಮ ಹಸೂಗೂ ನಿಮ್ಮಷ್ಟೇ ಕೋಪ ಕಣ್ರೀ" ಎಂದು ಹೇಳಿ ರತ್ನಮ್ಮ ಮನೆಗೆ ಹೋದಳು.

ಬೆಳಿಗ್ಗೆ ನೋಡಿದರೆ ಕೆಚ್ಚಲು ಕಲ್ಲಾಗಿತ್ತು. ಕರು ಹಾಲು ಕುಡಿಯುವುದು ಬಿಟ್ಟು ಮೇವಿಗೆ ಬಿದ್ದು ತಿಂಗಳಾಗಿದೆ, ಅದರ ಸಹಾಯವೂ ಇಲ್ಲ. ಪಶು ಡಾಕ್ಟರಿಗೆ ಫೋನ್ ಮಾಡಿದರೆ, ಮಧ್ಯಾಹ್ನ ಬರುತ್ತೇನೆ, ಅಷ್ಟರಲ್ಲಿ ಹೇಗಾದರೂ ಕರೆಯಿರಿ, ಕೆಚ್ಚಲು ಬಾವು ಬಂದರೆ ಕಷ್ಟ ಎಂದರು.

ನನಗೆ ಕೈ ನೋವೇ ಮರೆತುಹೋಯಿತು. ಕರುವಾಗಿದ್ದಾಗಿನಿಂದ ನಾನೇ ಸಾಕಿದ ಹಸು ಅದು...

"ಅತ್ತೆ, ನಾನು ಕರೀತೀನಿ" ಎಂದಳು ಕಾವ್ಯ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಪ್ಯಾಕೆಟ್ ಹಾಲು ಕುಡಿದು ಬೆಳೆದವಳು. ಹಸುವಿನ ಹಿಂದೆ ಹಾದುಹೋಗುವುದಕ್ಕೂ ಹೆದರುತ್ತಿದ್ದಳು. ಆದರೆ ಅವತ್ತು ನನ್ನ ಕೊಟ್ಟಿಗೆ ಸೀರೆಯನ್ನೇ ಉಟ್ಟುಕೊಂಡು ಬಂದು ಕುಕ್ಕರುಗಾಲಲ್ಲಿ ಕೂತಳು. ಸೀರೆಯ ವಾಸನೆಗೆ ಹಸು ನಂಬುತ್ತದೆ ಎಂದು ನಮ್ಮ ಕಡೆ ಹೀಗೆ ಮಾಡುವುದುಂಟು.

ಗಂಗೆ ಸೆರಗು ಮೂಸಿತು, ಒದೆಯಲಿಲ್ಲ. ಹಾಲನ್ನೂ ಬಿಡಲಿಲ್ಲ.

ನಾನು ಪಕ್ಕದಲ್ಲಿ ನಿಂತು, ಕತ್ತು ಸವರುತ್ತಾ ಗಟ್ಟಿಯಾಗಿ ಶಿವನಾಮ ಹೇಳಿದೆ. ಒಂದು ಹನಿಯೂ ಇಲ್ಲ.

ಆಗ ಹುಲ್ಲಿನ ಹೊರೆಯ ಹಿಂದಿನಿಂದ ಇಂಚರಾಳ ದನಿ ಬಂತು. "ಅಜ್ಜಿ, ನೀನು ದಿನಾ ಹೇಳೋದು ಇದಲ್ವಲ್ಲ."

ಈ ಹುಡುಗಿ ಬೆಕ್ಕಿನ ಮರಿ ಜೊತೆ ಆಡಲು ದಿನವೂ ಅಲ್ಲಿ ಬಂದು ಕೂರುತ್ತಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. "ಸುಮ್ನಿರೇ, ಒಳಗೆ ಹೋಗು" ಎಂದು ಗದರಿದೆ.

ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಥೇಟ್ ನನ್ನ ದನಿಯಲ್ಲೇ ಶುರುಮಾಡಿದಳು.

"ನೋಡೇ ಗಂಗೆ, ಗಂಟೆ ಆರೂವರೆ ಆಯ್ತು, ಮಹಾರಾಣಿ ಇನ್ನೂ ಎದ್ದಿಲ್ಲ. ಸಾರಿಗೊಂಚೂರು ಬೆಲ್ಲ ಹಾಕು ಮಾರಾಯ್ತಿ ಅಂದ್ರೆ ಭದ್ರಾವತಿಯೋಳಿಗೆ ಕೈಯೇ ಬರಲ್ಲ..."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾವ್ಯಳ ಕೈ ನಿಂತುಹೋಯಿತು.

ಗಂಗೆಯ ಕಿವಿ ಮಾತ್ರ ಇಂಚರಾಳ ಕಡೆ ತಿರುಗಿತು. ಬಾಯಾಡಿಸತೊಡಗಿತು. ಕಾವ್ಯ ಮತ್ತೆ ಕೈ ಹಾಕಿದಾಗ ಚರ್ರೆಂದು ಹಾಲು ಬಕೆಟ್ಟಿಗೆ ಬಿತ್ತು!

ನಾಲ್ಕು ಮಾತಾದ ಮೇಲೆ ಮಗು ನಿಲ್ಲಿಸಿಬಿಟ್ಟಳು. "ಆಮೇಲೇನು ಅಜ್ಜಿ? ಮರೆತೋಯ್ತು."

ಹಾಲೂ ನಿಂತಿತು.

ಮೂರು ಜೋಡಿ ಕಣ್ಣು ನನ್ನನ್ನೇ ನೋಡುತ್ತಿವೆ. ಮಗು, ಸೊಸೆ, ಹಸು. ಈ ಮನೆಯಲ್ಲಿ ನಾನು ತಲೆ ತಗ್ಗಿಸಿದವಳಲ್ಲ. ಆದರೆ ಆ ಕೆಚ್ಚಲು ಇನ್ನೂ ಬಿಗಿದೇ ಇದೆ. ಗಂಟಲು ಸರಿಮಾಡಿಕೊಂಡೆ.

"ಬಟ್ಟೆ ಒಣಗ್ಹಾಕಿದ್ದು ಮರೆತು ಫೋನ್ ನೋಡ್ತಾ ಕೂರ್ತಾಳೆ ಕಣೇ..." ಎಂದೆ, ಗೋಡೆ ನೋಡುತ್ತಾ.

"ಹೇಳಿ ಅತ್ತೆ, ನಿಲ್ಲಿಸ್ಬೇಡಿ, ಬರ್ತಾ ಇದೆ!" ಎಂದಳು ಕಾವ್ಯ.

ಹೇಳಿದೆ. ಚಪಾತಿ ದಪ್ಪ ಎಂದೆ. ತವರಿಗೆ ಹೋದರೆ ಬರುವ ದಿನವೇ ನೆನಪಿರುವುದಿಲ್ಲ ಎಂದೆ. ಸೊಸೆಯ ವಿಷಯ ಮುಗಿದ ಮೇಲೆ ಮಗನನ್ನು ಹಿಡಿದೆ, ಅದೂ ಮುಗಿದ ಮೇಲೆ ಯಜಮಾನರನ್ನು. ಆ ಭಾಗ ಬಂದಾಗ ಕಾವ್ಯ ನಗು ತಡೆಯಲಾರದೆ ಹಸುವಿನ ಹೊಟ್ಟೆಗೆ ಹಣೆಯೊತ್ತಿ ಕೂತುಬಿಟ್ಟಳು. ಸಿರಿ ಏನೂ ಅರ್ಥವಾಗದೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು.

ಬಕೆಟ್ ತುಂಬಿತು. ಕೆಚ್ಚಲು ಮೆತ್ತಗಾಯಿತು. ಮಧ್ಯಾಹ್ನ ಬಂದ ಡಾಕ್ಟರು ನೋಡಿ, ಏನೂ ತೊಂದರೆ ಇಲ್ಲ, ಯಾರು ಕರೆದಿದ್ದು, ಒಳ್ಳೆ ಕೈ ಎಂದರು. ನನ್ನ ಸೊಸೆ ಎಂದೆ. ಹಾಗೆ ಹೇಳುವಾಗ ದನಿ ಸ್ವಲ್ಪ ಜೋರಾಗಿಯೇ ಬಂತು.

ಮಧ್ಯಾಹ್ನದ ಸಾರಿನಲ್ಲಿ ಬೆಲ್ಲ ಪಾಯಸದಷ್ಟಿತ್ತು. "ಸಾಕಾ ಅತ್ತೆ, ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಈಗ ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾಯಿತು. ಕೈ ಸರಿಯಾಗಿದೆ. ಆದರೂ ಬೆಳಿಗ್ಗೆಯ ಹಾಲು ತಾನೇ ಕರೆಯುತ್ತೇನೆ ಎಂದು ಕಾವ್ಯ ಹಟ ಹಿಡಿದಿದ್ದಾಳೆ. ಹೋದವಳು ಕೊಟ್ಟಿಗೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ, ಶಿವನಾಮ ಹೇಳ್ಕೋತೀನಿ, ಯಾರೂ ಬರಬೇಡಿ ಅನ್ನುತ್ತಾಳೆ.

ಗಂಗೆ ಮೊದಲಿಗಿಂತ ಅರ್ಧ ಲೀಟರ್ ಜಾಸ್ತಿ ಹಾಲು ಕೊಡುತ್ತಿದೆ.

ನನ್ನ ಬಗ್ಗೆ ಹೇಳುವುದಕ್ಕೆ ಅಷ್ಟೊಂದು ಏನಿದೆ, ನೀವೇ ಹೇಳಿ?