ಅಮೀರ್‌ಪೇಟ್‌ನಲ್ಲಿ ಪತ್ತೆಯಾದ ಒಂದು ದಿನ

1999ರ ಕೊನೆಯ ತಿಂಗಳುಗಳಲ್ಲಿ ನಾನು ಹೈದರಾಬಾದಿನ ಒಂದು ಖಗೋಳ ವೀಕ್ಷಣಾಲಯದ ಗಣನಾ ಶಾಖೆಯಲ್ಲಿ ಹಿರಿಯ ಸಹಾಯಕನಾಗಿ ಸೇವೆ ಸಲ್ಲಿಸುತ್ತಿದ್ದೆನು. ಗ್ರಹಣ, ಸೂರ್ಯೋದಯ, ಹಳೆಯ ತಾರೀಖುಗಳ ವಾರ ಮುಂತಾದವುಗಳ ಬಗ್ಗೆ ಸಾರ್ವಜನಿಕರು ಕೋರಿದ ಮಾಹಿತಿಯನ್ನು ಲೆಕ್ಕ ಹಾಕಿ ಒದಗಿಸುವುದು ಸದರಿ ಶಾಖೆಯ ಕೆಲಸವಾಗಿತ್ತು. ಆ ಅವಧಿಯ ಒಂದು ಪ್ರಕರಣವನ್ನು ನಡೆದ ಕ್ರಮದಲ್ಲಿಯೇ ಓದುಗರ ಅವಗಾಹನೆಗೆ ತರುತ್ತಿದ್ದೇನೆ.

ಆಗ ಊರಿನಲ್ಲಿ ಕಂಪ್ಯೂಟರ್ ಹೇಳಿದ್ದಕ್ಕೆ ಎದುರು ಮಾತಿರಲಿಲ್ಲ. ಹಳೆಯ ಪ್ರೋಗ್ರಾಂಗಳು ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಇಟ್ಟುಕೊಂಡಿದ್ದವು. 2000 ಬಂದೊಡನೆ ಅವು '00' ಎಂಬುದನ್ನು 1900 ಎಂದು ತಿಳಿದು ಕೆಟ್ಟುಹೋಗುತ್ತವೆ ಎಂಬ ಭೀತಿ ಹಬ್ಬಿತ್ತು. ಅವುಗಳ ದುರಸ್ತಿ ಕಲಿಸಲು ನಗರದ ಅಮೀರ್‌ಪೇಟ್‌ನಲ್ಲಿ ಮಹಡಿಗೊಂದು ಇನ್‌ಸ್ಟಿಟ್ಯೂಟ್ ತಲೆಯೆತ್ತಿತ್ತು. ಅಂಥದೊಂದರ ಮಾಲೀಕ ಸ್ಯಾಮ್ಯುಯೆಲ್. ಬೀದರ್ ಕಡೆಯ ಕ್ರೈಸ್ತರು ಸೇರುತ್ತಿದ್ದ ಹಿಮಾಯತ್‌ನಗರದ ಕನ್ನಡ ಸಭೆಯಲ್ಲಿ ಈತನು, ಯೆಹೋಶುವನ ಪ್ರಾರ್ಥನೆಗೆ ಸೂರ್ಯ ನಿಂತನೆಂಬ ಬೈಬಲ್ ಕಥೆಗೆ ವೈಜ್ಞಾನಿಕ ಪುರಾವೆ ಸಿಕ್ಕಿದೆಯೆಂದು ಘೋಷಿಸಿದ್ದನು. ಅಮೆರಿಕದ ಕಂಪ್ಯೂಟರೊಂದು ಕಾಲವನ್ನು ಹಿಂದಕ್ಕೆ ಎಣಿಸುತ್ತ ಹೋಗಿ, ಒಂದು ದಿನ ಸಾಲದೆ ನಿಂತುಬಿಟ್ಟಿತಂತೆ; ಸೂರ್ಯ ನಿಂತ ದಿನವೇ ಅದಂತೆ. ಯಾವ ಕಂಪ್ಯೂಟರ್, ಎಣಿಸಿದವರು ಯಾರು ಎಂಬ ವಿವರ ಇಲ್ಲ. ಈಮೇಲ್‌ನಲ್ಲಿ ಬಂದಿತ್ತು; ಆ ಕಾಲಕ್ಕೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಮೇಲಾಗಿ ತಾನೇ ಒಂದು ಪ್ರೋಗ್ರಾಂ ಬರೆದು, ಅದರ ಎಣಿಕೆಗಿಂತ ಕ್ಯಾಲೆಂಡರಿನಲ್ಲಿ ಒಂದು ದಿನ ಕಡಿಮೆ ಇದೆಯೆಂದು ಬಣ್ಣದ ಸ್ಲೈಡುಗಳನ್ನೂ ತೋರಿಸಿದ್ದನು.

ಸಭೆಯ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದ ನಿವೃತ್ತ ಶಿಕ್ಷಕಿ ಶಾಂತಾಬಾಯಿಯವರು ಮಾತ್ರ ಎದ್ದುನಿಂತು, "ಯಾರು ಎಣಿಸ್ಯಾರಪಾ, ಅವರ ಹೆಸರರ ಹೇಳು" ಎಂದಿದ್ದರು. ಅಷ್ಟಕ್ಕೇ ಅವರು ಅವಿಶ್ವಾಸಿ ಎನಿಸಿಕೊಂಡರು. ಆ ಸ್ಲೈಡುಗಳನ್ನು ಮಕ್ಕಳಿಗೆ ಕಲಿಸಬೇಕು, ಇಲ್ಲವೇ ತರಗತಿ ಬಿಡಬೇಕೆಂದು ಸಭೆಯ ಹಿರಿಯರಾದ ದೇವದಾನಪ್ಪನವರು ತಿಳಿಸಿದರು. ಪತಿ ತೀರಿಕೊಂಡ ಮೇಲೆ ಶಾಂತಾಬಾಯಿಯವರಿಗೆ ಆ ತರಗತಿಯೊಂದೇ ಉಳಿದಿತ್ತು. ಕೊನೆಗೆ ವೀಕ್ಷಣಾಲಯ ಹೇಳಿದಂತೆ ನಡೆಯುವುದೆಂದು ಒಪ್ಪಿ, ಮೂವರೂ ನನ್ನ ಮೇಜಿನ ಮುಂದೆ ಬಂದು ಕುಳಿತರು.

"ಸರ್, ನಿಮ್ಮ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ದಿನದ ಫರಕ್ ಐತಿ. ಅಷ್ಟ ಬರದು ಸಿಕ್ಕಾ ಹಾಕಿ ಕೊಡ್ರಿ" ಎಂದನು ಸ್ಯಾಮ್ಯುಯೆಲ್.

ಖಗೋಳಶಾಸ್ತ್ರದಲ್ಲಿ ಪ್ರತಿಯೊಂದು ದಿನಕ್ಕೂ ಸಾಲಾಗಿ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಜೂಲಿಯನ್ ಡೇ ನಂಬರ್ ಎನ್ನುತ್ತೇವೆ. ನಮ್ಮ ಕೋಷ್ಟಕಕ್ಕೆ ಹೋಲಿಸಿದಾಗ ಒಂದು ದಿನದ ವ್ಯತ್ಯಾಸವಿದ್ದದ್ದು ನಿಜವೇ. ಆದರೆ ನಮ್ಮ ಕೋಷ್ಟಕವೂ ಇಂದಿನವರು ಹಿಂದಕ್ಕೆ ಹಾಕಿದ ಲೆಕ್ಕ. ಯೆಹೋಶುವನ ಪಕ್ಕದಲ್ಲಿ ಕುಳಿತು ಯಾರೂ ಎಣಿಸಿದ್ದಲ್ಲ. ಸೂರ್ಯ ಅಂದು ನಿಂತಿದ್ದರೂ ಓಡಿದ್ದರೂ ಅದು ಈ ಲೆಕ್ಕಕ್ಕೆ ತಿಳಿಯುವಂತಿಲ್ಲ. ಎರಡು ಲೆಕ್ಕಗಳು ತಾಳೆಯಾಗದಿದ್ದರೆ ಯಾವುದೋ ಒಂದು ತಪ್ಪಿದೆ ಎಂದಷ್ಟೇ ಅರ್ಥ. ಇದನ್ನು ವಿವರಿಸಿದೆನು.

"ಅದೆಲ್ಲ ನಮಗ ತಿಳ್ಯಾಂಗಿಲ್ರಿ. ಫರಕ್ ಐತೋ ಇಲ್ಲೋ, ಅಷ್ಟ ಹೇಳ್ರಿ" ಎಂದರು ದೇವದಾನಪ್ಪನವರು.

ವ್ಯತ್ಯಾಸವಿದೆ ಎಂಬ ಒಂದು ಸಾಲು ಬರೆದುಕೊಟ್ಟರೆ ಅದು ಸತ್ಯವೇ ಆಗಿರುತ್ತಿತ್ತು. ಮುಂದಿನ ಭಾನುವಾರ ನಮ್ಮ ಮೊಹರಿನ ಸಮೇತ ಸ್ಲೈಡೂ ಆಗಿರುತ್ತಿತ್ತು. ಆದಕಾರಣ ಪ್ರೋಗ್ರಾಂ ಪರಿಶೀಲಿಸದೆ ಏನನ್ನೂ ಬರೆಯಲಾಗದೆಂದು ತಿಳಿಸಿ, ಅವರೊಂದಿಗೆ ಅಮೀರ್‌ಪೇಟ್‌ಗೆ ಹೊರಟೆನು.

ಅಲ್ಲಿ ಯೆಹೋಶುವನ ಕಾಲಕ್ಕೆ ನಾನು ಹೋಗಲೇ ಇಲ್ಲ. 1950ರ ಒಂದು ತಾರೀಖು ಕೊಡಿಸಿದೆನು, ವ್ಯತ್ಯಾಸವಿಲ್ಲ. 1901 ಕೊಡಿಸಿದೆನು; ಇಲ್ಲ. 1899 ಕೊಡಿಸಿದಾಗ ಆ ಪುರಾತನ ದಿನವು ಪರದೆಯ ಮೇಲೆ ಕಾಣಿಸಿಕೊಂಡಿತು.

ಶಾಂತಾಬಾಯಿಯವರು ಕನ್ನಡಕ ಸರಿಪಡಿಸಿಕೊಂಡರು. "ಅಲ್ಲೋ ತಮ್ಮಾ, ನಮ್ಮಜ್ಜಿ ಹುಟ್ಟಿದ ಮ್ಯಾಲೆ ಸೂರ್ಯ ನಿಂತಾನಂತಾತು. ಆಕಿ ಒಂದು ದಿನಾನೂ ಈ ಸುದ್ದಿ ಹೇಳಲಿಲ್ಲ ನೋಡು."

ಕಾರಣವು ಬೇಗನೆ ದೊರೆಯಿತು. ಶತಮಾನದ ವರ್ಷವು ನಾನೂರರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಆದ್ದರಿಂದ 2000ದಲ್ಲಿ ಫೆಬ್ರವರಿ 29 ಉಂಟು, 1900ರಲ್ಲಿ ಇರಲಿಲ್ಲ. '00' ಎಂದರೆ ಅಧಿಕ ವರ್ಷವೆಂದು ತಿಳಿ ಎಂಬ ದುರಸ್ತಿಯ ಸಾಲನ್ನು ಈ ಸಂಸ್ಥೆಯಲ್ಲಿ ದಿನವಿಡೀ ಕಲಿಸುತ್ತಿದ್ದರು. ಸ್ಯಾಮ್ಯುಯೆಲ್ ಅದೇ ಸಾಲನ್ನು ಎತ್ತಿ ತನ್ನ ಪ್ರೋಗ್ರಾಂನಲ್ಲಿ 1900ರಿಂದ ಈಚಿನ ವರ್ಷಗಳಿಗೆ ಅಂಟಿಸಿದ್ದನು. ಎಂದೂ ಬಾರದ 1900ರ ಫೆಬ್ರವರಿ 29ನ್ನು ಯಂತ್ರವು ವಿಧೇಯವಾಗಿ ಎಣಿಸಿತ್ತು. ಸೂರ್ಯನನ್ನು ನಿಲ್ಲಿಸಿದ್ದು ಯೆಹೋಶುವನಲ್ಲ, ಅಮೀರ್‌ಪೇಟ್‌ನ ಪಠ್ಯಕ್ರಮ.

ಸ್ಯಾಮ್ಯುಯೆಲ್ ಆ ಸಾಲನ್ನು ತಿದ್ದಿ ಮತ್ತೆ ಓಡಿಸಿದನು. ಯೆಹೋಶುವನ ಕಾಲದವರೆಗೂ ವ್ಯತ್ಯಾಸ ಸೊನ್ನೆ. ಸಂಕೋಚದಿಂದ ಸುಮ್ಮನಾಗುವನೆಂದು ನಾನು ಎಣಿಸಿದ್ದೆನು. ಆತನು ಕುರ್ಚಿ ತಿರುಗಿಸಿ ದೇವದಾನಪ್ಪನವರಿಗೆ ಹೇಳಿದನು: "ನೋಡ್ರಿ ಹಿರ್ಯಾರ, ಒಂದು ದಿನಾನೂ ತಪ್ಪಿಲ್ಲ. ದೇವರ ಲೆಕ್ಕ ಎಷ್ಟ್ ಕರೆಕ್ಟ್ ಐತಿ. ಪುರಾವೆ ಅಂದ್ರ ಇದ."

"ಎರಡು ದಿನ ಕಡಿಮೆ ಬಂದಿದ್ದರೆ?" ಎಂದು ನಾನು ಕೇಳಿದೆನು.

"ಅದಕ್ಕೂ ಒಂದು ವಚನ ಇರತೈತ್ರಿ ಸರ್. ಹುಡುಕಬೇಕು, ಅಷ್ಟ."

ಅದುವರೆಗೆ ಆತನ ಪ್ರತಿ ಮಾತಿಗೂ ತಲೆದೂಗುತ್ತ ಬಂದಿದ್ದ ದೇವದಾನಪ್ಪನವರು ಈ ಸಲ ತಲೆದೂಗಲಿಲ್ಲ. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಶಾಂತಾಬಾಯಿಯವರ ಕಡೆ ತಿರುಗಿದರು. "ಟೀಚರ್, ಬರೋ ಐತ್ವಾರ ಮಕ್ಕಳ ಪಾಠಾ ನೀವ ತೊಗೋರಿ."

"ತೊಗೋತೀನ್ರಿ. ಯೆಹೋಶುವನ ಕಥಿ ಹೇಳ್ತೀನಿ. ಈ ಕಂಪ್ಯೂಟರ್ ಡಬ್ಬಿ ಕಥಿ ಹೇಳಾಂಗಿಲ್ಲ."

ನಂಬಿಕೆಯ ವಿಷಯದಲ್ಲಿ ಈ ಲೇಖಕನ ಆಕ್ಷೇಪಣೆ ಏನೂ ಇಲ್ಲ; ಆ ತಾಯಿಯ ನಂಬಿಕೆಗೆ ಯಾವ ಯಂತ್ರದ ಸಿಕ್ಕಾವೂ ಬೇಕಿರಲಿಲ್ಲ. ತಿರಸ್ಕಾರವಿರುವುದು ವಿಜ್ಞಾನದ ಕೋಟನ್ನು ಎರವಲು ತೊಟ್ಟು ಬರುವ ಸೋಗಿನ ಬಗ್ಗೆ ಮಾತ್ರ. ಸೇವೆಯ ಉಳಿದ ವರ್ಷಗಳಲ್ಲಿ ಪುರಾವೆ ಹಿಡಿದು ಬಂದವರ ಅಂಕಿಗಳನ್ನು ನೋಡುವ ಮುನ್ನ, ಲೆಕ್ಕ ಏನು ಬಂದರೆ ತಮ್ಮ ಮಾತು ತಪ್ಪೆಂದು ಒಪ್ಪುವಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆನು. ಉತ್ತರ ಕೊಟ್ಟವರ ಕೆಲಸವನ್ನು ಕೈಗೆತ್ತಿಕೊಂಡೆನು. ಉಳಿದವರಿಗೆ ಚಹಾ ಕುಡಿಸಿ ಕಳುಹಿಸಿದೆನು. ಚಹಾ ಕುಡಿದವರೇ ಹೆಚ್ಚು.